ಮನೆಯವರ ಫೋನಿನಲ್ಲಿ ಬಂದ ಫಿಟ್ಸ್

ಜಿಲ್ಲಾ ಕೇಂದ್ರವೊಂದರ ಆಸ್ಪತ್ರೆಯಲ್ಲಿ ನರರೋಗ ವಿಭಾಗದ ಹೊಣೆ ಹೊತ್ತಾಗ ನನಗೆ ಸಿಕ್ಕಿದ್ದು ಮೆದುಳಿನ ವಿದ್ಯುತ್ ಅಲೆಗಳನ್ನು ಕಾಗದದ ಮೇಲೆ ಗೀಚುವ ಹಳೆಯ ಇಇಜಿ ಯಂತ್ರ. ಸೆಕೆಂಡಿಗೆ 30 ಮಿಲಿಮೀಟರಿನಂತೆ 20 ನಿಮಿಷ ಓಡಿದರೆ ಒಬ್ಬ ರೋಗಿಗೇ 36 ಮೀಟರ್ ಕಾಗದ ಮುಗಿಯುತ್ತಿತ್ತು. ಆ ಕಟ್ಟುಗಳನ್ನು ಗೆದ್ದಲಿನಿಂದ ಕಾಪಾಡುವುದೂ ನಮ್ಮ ಕೆಲಸವೇ ಆಗಿತ್ತು. ಡಿಜಿಟಲ್ ಯಂತ್ರ ಬಂದ ದಿನ ಕಷ್ಟವೆಲ್ಲ ತೀರಿತೆಂದುಕೊಂಡೆ. ಆದರೆ ಪರೀಕ್ಷೆ ನಡೆಯುವ ಆ 20 ನಿಮಿಷದಲ್ಲೇ ಫಿಟ್ಸ್ ಬರುವುದು ಅಪರೂಪ, ಅಪಸ್ಮಾರ, ಅಂದರೆ ಮೂರ್ಛೆರೋಗ, ಖಚಿತವಾಗಿ ಇರುವವರಲ್ಲೂ ಮೊದಲ ಇಇಜಿ ಎಷ್ಟೋ ಸಲ ಸಹಜವಾಗಿಯೇ ಇರುತ್ತದೆ. ರೋಗನಿರ್ಣಯ ನಿಂತಿರುವುದು ಕಣ್ಣಾರೆ ಕಂಡವರ ಮಾತಿನ ಮೇಲೆ. ಕಂಡವರೋ, ಕೈಕಾಲು ಸೆಟೆದು ಬಾಯಲ್ಲಿ ನೊರೆ ಬಂತು ಎಂಬಲ್ಲಿಗೆ ನಿಲ್ಲಿಸುತ್ತಿದ್ದರು. ಮುಂದೇನಾಯಿತೆಂದು ಕೇಳಿದರೆ, ಬೀಗದ ಕೈ ಹುಡುಕುವ ಗಡಿಬಿಡಿಯಲ್ಲಿ ನೋಡಲಾಗಲಿಲ್ಲ ಎನ್ನುತ್ತಿದ್ದರು.

ಮೂರು ವರ್ಷದಿಂದ ಎರಡು ಬಗೆಯ ಮಾತ್ರೆ ನುಂಗುತ್ತಿದ್ದ ಯುವತಿಯೊಬ್ಬಳ ತಮ್ಮ ತಾನಾಗಿಯೇ ಫೋನ್ ಮುಂದೆ ಹಿಡಿದದ್ದು ನನ್ನ ಕಣ್ಣು ತೆರೆಸಿತು. ಆ ವೀಡಿಯೊದಲ್ಲಿ ಆಕೆಯ ಕಣ್ಣು ಬಿಗಿಯಾಗಿ ಮುಚ್ಚಿತ್ತು, ತಲೆ ಅತ್ತಿತ್ತ ಹೊರಳುತ್ತಿತ್ತು, ಅದುರುವುದು ನಿಂತು ಮತ್ತೆ ಶುರುವಾಗುತ್ತ ಹತ್ತು ನಿಮಿಷ ದಾಟಿತ್ತು. ಅಪಸ್ಮಾರದ ಫಿಟ್ಸ್‌ನಲ್ಲಿ ಕಣ್ಣು ಸಾಮಾನ್ಯವಾಗಿ ತೆರೆದೇ ಇರುತ್ತದೆ, ಎರಡು ಮೂರು ನಿಮಿಷದಲ್ಲಿ ಮುಗಿಯುತ್ತದೆ. ಮುಂದೆ ದೊಡ್ಡ ಆಸ್ಪತ್ರೆಯಲ್ಲಿ ವೀಡಿಯೊವನ್ನೂ ಇಇಜಿಯನ್ನೂ ಒಟ್ಟಿಗೆ ದಾಖಲಿಸುವ ವೀಡಿಯೊ ಇಇಜಿ ಮಾಡಿಸಿದಾಗ, ಅದು ಮನಸ್ಸಿನ ಒತ್ತಡ ದೇಹದಲ್ಲಿ ತೋರಿಕೊಂಡ ಬಗೆಯೆಂದು ಖಚಿತವಾಯಿತು. ನಟನೆಯಲ್ಲವೆಂದು ಮನೆಯವರಿಗೆ ತಿಳಿಸಿ ಹೇಳಲು ಒಂದು ಇಡೀ ಮಧ್ಯಾಹ್ನ ಹಿಡಿಯಿತು.

ಅಂದಿನಿಂದ ವೀಡಿಯೊ ತೆಗೆಯುವುದನ್ನು ಮನೆಯವರಿಗೆ ಕಲಿಸತೊಡಗಿದೆವು. ಹೇಳಿಕೊಡುವುದು ಯಂತ್ರ ಜೋಡಿಸಿದ್ದಕ್ಕಿಂತ ಕಷ್ಟವಾಯಿತು. ಮೊದಲು ರೋಗಿಯನ್ನು ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನನ್ನೂ ತುರುಕಬೇಡಿ, ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಇನ್ನೊಬ್ಬರಿದ್ದರೆ ಮಾತ್ರ ಫೋನ್ ಹಿಡಿಯಿರಿ, ಕಂಬಳಿ ಸರಿಸಿ, ದೀಪ ಹಾಕಿ, ಮುಖವೂ ಕೈಕಾಲೂ ಕಾಣಲಿ, ಹೆಸರು ಹಿಡಿದು ಕರೆಯಿರಿ. ಹೀಗೆ ಚೀಟಿಯಲ್ಲಿ ಅಚ್ಚು ಹಾಕಿಸಿ ಕೊಟ್ಟರೂ, ಅದುರುವುದು ನಿಂತ ಕೂಡಲೇ ಫೋನ್ ಕೆಳಗಿಡುವ ಅಭ್ಯಾಸ ಹೋಗಲಿಲ್ಲ. ನನಗೆ ಬೇಕಾದದ್ದು ಎಷ್ಟೋ ಸಲ ಆ ಬಳಿಕದ್ದೇ: ಯಾವ ಕೈ ಸೋತಿದೆ, ಮಾತು ಎಷ್ಟು ಹೊತ್ತಿಗೆ ಮರಳಿತು ಎಂಬುದು.

ಒಂದು ಅಚಾತುರ್ಯವನ್ನೂ ಹೇಳಬೇಕು. ನಮ್ಮ ಕಿರಿಯ ವೈದ್ಯರೊಬ್ಬರು ಒಳ್ಳೆಯ ಉದ್ದೇಶದಿಂದಲೇ ರೋಗಿಯ ವೀಡಿಯೊವನ್ನು ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿದರು; ಅದು ಸುತ್ತಿ ಸುತ್ತಿ ರೋಗಿಯ ಊರನ್ನೇ ತಲುಪಿತು. ಮನೆಗೆ ಹೋಗಿ ಕ್ಷಮೆ ಕೇಳಿದೆ. ಈಗ ವೀಡಿಯೊಗಳು ಆಸ್ಪತ್ರೆಯ ಒಂದೇ ಕಂಪ್ಯೂಟರಿನಲ್ಲಿರುತ್ತವೆ; ಚಿಕಿತ್ಸೆಗೆ ಬೇರೆ, ಪಾಠಕ್ಕೆ ಬೇರೆ ಒಪ್ಪಿಗೆ ಕನ್ನಡದಲ್ಲಿ ಪಡೆಯುತ್ತೇವೆ, ಪಾಠಕ್ಕೆ ಒಲ್ಲೆನೆಂದವರು ಕಡಿಮೆಯೇನಿಲ್ಲ. 2020ರ ಮಾರ್ಚ್ 25ರಂದು ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಿದ್ದ ಮೇಲೆ ದೂರದ ರೋಗಿಗಳನ್ನು ಫೋನಿನಲ್ಲೇ ನೋಡತೊಡಗಿದೆವು.

ಪಾಠದಲ್ಲಿ ವೀಡಿಯೊವನ್ನು ಮೊದಲು ಧ್ವನಿಯಿಲ್ಲದೆ ತೋರಿಸಿ, ಯಾವ ಅಂಗ ಮೊದಲು ಅಲುಗಿತೆಂದು ಬರೆಯಲು ಹೇಳುತ್ತೇನೆ; ಇಇಜಿ ಆಮೇಲೆ. ಅದೇ ಹತ್ತು ಸೆಕೆಂಡಿನ ಅಲೆಗಳನ್ನು ಬೇರೆ ಬೇರೆ ಮಾಂಟೇಜ್‌ಗಳಲ್ಲಿ, ಅಂದರೆ ತಲೆಯ ಮೇಲಿನ ಎಲೆಕ್ಟ್ರೋಡ್‌ಗಳನ್ನು ಬೇರೆ ಬೇರೆ ರೀತಿ ಜೋಡಿಸಿಕೊಂಡು, ತಿರುಗಿಸಿ ನೋಡುವ ಅನುಕೂಲ ಕಾಗದದಲ್ಲಿ ಇರಲಿಲ್ಲ. ಆದರೆ ಸ್ಪೈಕ್‌ಗಳನ್ನು, ಅಂದರೆ ಅಪಸ್ಮಾರದ ಸುಳಿವು ಕೊಡುವ ಚೂಪು ಅಲೆಗಳನ್ನು, ತಾನಾಗಿ ಗುರುತಿಸುವ ಸೌಲಭ್ಯವನ್ನು ಹೊಸ ವಿದ್ಯಾರ್ಥಿಗಳಿಗೆ ಮೂರು ತಿಂಗಳು ಮುಚ್ಚಿಡುತ್ತೇನೆ, ಏಕೆಂದರೆ ಕಣ್ಣು ಮಿಟುಕಿಸಿದ್ದನ್ನೂ ದವಡೆ ಅಗಿದದ್ದನ್ನೂ ಅದು ಸ್ಪೈಕ್ ಎಂದು ಕೂಗುತ್ತದೆ, ಹುಡುಗರು ಅದನ್ನೇ ನಂಬುತ್ತಾರೆ.

ಫೋನಿಲ್ಲದ ಅಜ್ಜಿಯೊಬ್ಬರು ಮೊನ್ನೆ ಮೊಮ್ಮಗನನ್ನು ಕರೆತಂದರು. ಹೇಳಲು ಬಾರದೆ ಕೊನೆಗೆ ಬೆಂಚಿನ ಮೇಲೆ ಕುಳಿತು ತಾವೇ ಮಾಡಿ ತೋರಿಸಿದರು: ಬಾಯಿಯ ಎಡ ಮೂಲೆ ಸೊಟ್ಟಗಾಯಿತು, ಎಡಗೈ ಬೆರಳು ಮಡಚಿ ಮೇಲೆದ್ದಿತು, ತಲೆ ನಿಧಾನವಾಗಿ ಅದೇ ಕಡೆ ತಿರುಗಿತು. ಪಕ್ಕದಲ್ಲಿದ್ದ ವಿದ್ಯಾರ್ಥಿನಿ ಎಂಆರ್‌ಐ ಚೀಟಿ ತೆಗೆದುಕೊಂಡು, ದೇಹದ ಎಡಭಾಗವನ್ನು ಆಳುವ ಮೆದುಳಿನ ಬಲಭಾಗವನ್ನು ವಿಶೇಷವಾಗಿ ನೋಡಿ ಎಂದು ನನ್ನನ್ನು ಕೇಳದೆಯೇ ಬರೆದಳು.