ನಮ್ಮನೆ ಕಷಾಯದ ಪುಡಿ ಮತ್ತು ವೈರಲ್ ಜ್ವರ

ಸಾಗರದ ಕಡೆ ಮಳೆ ಹಿಡಿದರೆ ಬಿಡುವ ಮಾತೇ ಇಲ್ಲ. ಬಟ್ಟೆ ಒಣಗುವುದಿಲ್ಲ, ಮಕ್ಕಳ ಮೂಗು ಸೋರುವುದು ನಿಲ್ಲುವುದಿಲ್ಲ. ಹಾಗಾಗಿ ಬಿಸಿಲಿರುವಾಗಲೇ ಕಷಾಯದ ಪುಡಿ ಮಾಡಿಟ್ಟುಬಿಡುತ್ತೇನೆ. ಕಷಾಯ ಕುಡಿದರೆ ವೈರಲ್ ಜ್ವರವೇ ಬರುವುದಿಲ್ಲ ಎನ್ನುವವರ ಮಾತನ್ನು ಮಾತ್ರ ನಾನು ನಂಬುವುದಿಲ್ಲ.

ಒಂದು ಲೋಟ ಕೊತ್ತಂಬರಿ ಬೀಜಕ್ಕೆ ಅರ್ಧ ಲೋಟ ಜೀರಿಗೆ, ಎರಡು ಚಮಚ ಕಾಳುಮೆಣಸು, ಒಂದು ಚಮಚ ಮೆಂತ್ಯ, ಹೆಬ್ಬೆರಳುದ್ದ ಒಣಶುಂಠಿ, ನಾಲ್ಕೈದು ಏಲಕ್ಕಿ. ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿಯಬೇಡಿ. ಕೊತ್ತಂಬರಿ ಇನ್ನೂ ಹಸಿಯಾಗಿರುವಾಗಲೇ ಜೀರಿಗೆ ಸೀದುಹೋಗುತ್ತದೆ. ಮೆಂತ್ಯವಂತೂ ಚೂರು ಜಾಸ್ತಿ ಕೆಂಪಾದರೆ ಇಡೀ ಡಬ್ಬಿ ಕಹಿ. ಸಣ್ಣ ಉರಿಯಲ್ಲಿ ಬೇರೆ ಬೇರೆಯಾಗಿ ಹುರಿಯುತ್ತೇನೆ. ಕೊತ್ತಂಬರಿಯನ್ನು ಬೆರಳಲ್ಲಿ ಹಿಸುಕಿದರೆ ಪುಡಿಯಾಗಬೇಕು, ಆಗ ಇಳಿಸಿದರೆ ಸರಿ. ಒಣಶುಂಠಿ ಮೊದಲು ಜಜ್ಜಿಕೊಳ್ಳಿ, ಇಲ್ಲದಿದ್ದರೆ ಮಿಕ್ಸಿ ಬ್ಲೇಡ್ ಹೋಯಿತು ಅಂತಲೇ ಲೆಕ್ಕ. ಪೂರ್ತಿ ಆರಿದ ಮೇಲೆ ಪುಡಿ ಮಾಡಿ ಗಾಜಿನ ಬಾಟಲಿಗೆ ತುಂಬುತ್ತೇನೆ. ಅದಕ್ಕೆ ಒದ್ದೆ ಚಮಚ ಹಾಕಿದವರಿಗೆ ನಮ್ಮನೆಯಲ್ಲಿ ಬೈಗುಳ ಗ್ಯಾರಂಟಿ.

ಕುಡಿಯುವಾಗ ಎರಡು ಲೋಟ ನೀರಿಗೆ ಒಂದು ಚಮಚ ಪುಡಿ, ಒಂದು ತುಂಡು ಬೆಲ್ಲ. ಒಂದೂವರೆ ಲೋಟಕ್ಕೆ ಇಳಿಯುವ ತನಕ ಕುದಿಸಿ ಸೋಸುತ್ತೇನೆ. ಮಕ್ಕಳಿಗಾದರೆ ಹಾಲು ಬೆರೆಸಬೇಕು.

2020ರಲ್ಲಿ ಆಯುಷ್ ಸಚಿವಾಲಯದವರೂ ಒಂದು ಕಷಾಯ ಹೇಳಿದ್ದರು: ತುಳಸಿ 4 ಭಾಗ, ದಾಲ್ಚಿನ್ನಿ 2, ಶುಂಠಿ 2, ಕಾಳುಮೆಣಸು 1. ಅದನ್ನೂ ಮಾಡಿದೆ. ಅತ್ತೆ ಒಂದು ಗುಟುಕು ಕುಡಿದು, "ಇದೆಂಥ ಕಷಾಯ ಮಾರಾಯ್ತಿ, ಗಂಟಲು ಸುಡ್ತು" ಎಂದು ಲೋಟ ಕೆಳಗಿಟ್ಟರು. ಬೆಳ್ಳುಳ್ಳಿ ತಿಂದರೆ ಕೊರೊನಾ ಬರುವುದಿಲ್ಲ ಎಂದು ವಾಟ್ಸಾಪಿನಲ್ಲಿ ಓಡಾಡಿದ್ದೂ ಆಗಲೇ. ಬೆಳ್ಳುಳ್ಳಿ ಒಳ್ಳೆಯದೇ, ಆದರೆ ಅದು ಕೊರೊನಾ ತಡೆಯುತ್ತದೆ ಎನ್ನಲು ಆಧಾರವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಬೇಕಾಯಿತು.

ಅರಿಶಿನದ ಕತೆ ಇನ್ನೂ ಸ್ವಾರಸ್ಯ. ಅರಿಶಿನಕ್ಕೆ ಕಾಳುಮೆಣಸು ಸೇರಿಸಿ ಅಂತಾರಲ್ಲ, ಅದು ಸುಮ್ನೆ ಹುಟ್ಟಿದ ಮಾತಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅರಿಶಿನದ ಸತ್ವ ಕರ್ಕ್ಯುಮಿನ್ 2 ಗ್ರಾಂ, ಅದರ ಜೊತೆ ಮೆಣಸಿನ ಸತ್ವ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಸುಮಾರು 20 ಪಟ್ಟು ಹೆಚ್ಚಿತಂತೆ. ಆದರೆ ರಕ್ತಕ್ಕೆ ಸೇರಿದ ಮಾತ್ರಕ್ಕೆ ವೈರಸ್ ಸಾಯುತ್ತದೆ ಎಂದೇನಿಲ್ಲವಲ್ಲ! ಅದೂ ಅಲ್ಲದೆ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರ್ನಾಲ್ಕು ಭಾಗ. 2 ಗ್ರಾಂ ಬೇಕೆಂದರೆ ಕಡಿಮೆಯೆಂದರೂ 50 ಗ್ರಾಂ ಅರಿಶಿನ ತಿನ್ನಬೇಕು. ನಾನು ಹಾಲಿಗೆ ಹಾಕುವುದು ಒಂದು ಚಿಟಿಕೆ.

ಹಾಗಾದರೆ ಯಾಕೆ ಕುಡಿಯುತ್ತೇನೆ? ಬಿಸಿಯಾಗಿ ಒಳಗೆ ಹೋದರೆ ಗಂಟಲಿಗೆ ಹಿತ, ಕಟ್ಟಿದ ಮೂಗು ಸಡಿಲವಾಗುತ್ತದೆ. ಜ್ವರ ಬಂದ ಮಗು ಬರೀ ನೀರು ಬೇಡವೆಂದರೂ ಮೆಣಸಿನ ಸಾರು, ಉಪ್ಪು ಹಾಕಿದ ಗಂಜಿ, ಬೆಲ್ಲದ ಕಷಾಯ ಕುಡಿಯುತ್ತದೆ. ಮೈಗೆ ನೀರು ಸೇರುವುದು ಸಣ್ಣ ಲಾಭವಲ್ಲ. ಕೆಮ್ಮಿಗೆ ಜೇನುತುಪ್ಪವನ್ನೂ ಕೊಡುತ್ತೇನೆ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ನೆಕ್ಕಿಸಲೂ ಬಾರದು.

ಅಮೃತಬಳ್ಳಿ ನಮ್ಮ ಬೇಲಿಯಲ್ಲೇ ಹಬ್ಬಿದೆ. ದಿನಾ ಕುದಿಸಿ ಕುಡಿಯಿರಿ ಎನ್ನುವವರ ಮಾತು ನಾನು ಕೇಳುವುದಿಲ್ಲ. ಕೊರೊನಾ ಕಾಲದಲ್ಲಿ ಅದನ್ನು ಸೇವಿಸಿದ ಕೆಲವರಿಗೆ ಲಿವರ್ ತೊಂದರೆಯಾಗಿದ್ದನ್ನು ಮುಂಬೈ ವೈದ್ಯರು ವರದಿ ಮಾಡಿದ್ದಾರೆ. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಅವರವರಲ್ಲೇ ಜಗಳ ಮುಗಿಯುವ ತನಕ ಬಳ್ಳಿ ಬೇಲಿಯಲ್ಲೇ ಇರಲಿ.

ಇನ್ನು ನಮ್ಮ ಕಡೆಯ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ವೈರಸ್ ಅದು, ಹರಡುವುದು ಉಣುಗಿನಿಂದ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ ಹುಳದಿಂದ. ಅದಕ್ಕೆ ಕಷಾಯದ ರಕ್ಷಣೆ ಅನ್ನುವುದೇ ಇಲ್ಲ. ಬೇಸಿಗೆಯಲ್ಲಿ ಕಾಡಿನಿಂದ ದರಗು (ಒಣಗಿದ ಎಲೆ) ತರಲು ಹೋಗುವವರು ಕೈಕಾಲಿಗೆ ಉಣುಗು ಹತ್ತದ ಎಣ್ಣೆ ಹಚ್ಚಿಕೊಂಡು, ತುಂಬುತೋಳಿನ ಅಂಗಿ ಹಾಕಿಕೊಂಡು ಹೋಗಬೇಕು. ಬಂದ ಕೂಡಲೇ ಸೋಪು ಹಚ್ಚಿ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಆಮೇಲೆ ಜ್ವರ ಬಂತೆಂದರೆ ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದೆ ಎಂದು ಹೇಳಿಯೇ ರಕ್ತ ಕೊಡಬೇಕು.