ಗವೈನ್‌ನ ಗುರಾಣಿಯ ಮೇಲೆ ಕೊನೆಯಿಲ್ಲದ ಗಂಟು: ನನ್ನ ಅನುಭವ

‘ಸರ್ ಗವೈನ್ ಅಂಡ್ ದಿ ಗ್ರೀನ್ ನೈಟ್’ 14ನೇ ಶತಮಾನದ ಕೊನೆಯ ಇಂಗ್ಲಿಷ್ ಕಾವ್ಯ, ಆರ್ಥರ್ ರಾಜನ ಯೋಧ ಗವೈನ್‌ನ ಕಥೆ. ಅವನ ಗುರಾಣಿ ಮಾಡುವವರಿಗೆ ಬೇಕಾದ್ದನ್ನೆಲ್ಲ ಕವಿಯೇ ಹೇಳಿಬಿಟ್ಟಿದ್ದಾನೆ: ಕೆಂಪು ನೆಲ, ಅದರ ಮೇಲೆ ಚಿನ್ನದ ಐದು ಮೊನೆಯ ನಕ್ಷತ್ರ, ಒಳಮೈಯಲ್ಲಿ ಮೇರಿಮಾತೆ. ಪಂಚೇಂದ್ರಿಯ, ಐದು ಬೆರಳು, ಕ್ರಿಸ್ತನ ಐದು ಗಾಯ, ಮೇರಿಯ ಐದು ಆನಂದ, ಐದು ಸದ್ಗುಣ, ಇವೆಲ್ಲ ಒಂದರೊಳಗೊಂದು ಹೆಣೆದುಕೊಂಡಿವೆ ಎಂಬುದು ಅದರ ಅರ್ಥ; ಆ ನಕ್ಷತ್ರವೇ ಕೊನೆಯಿಲ್ಲದ ಗಂಟು. ಹಾಗಾಗಿ ಹೆಣಿಗೆ ತಪ್ಪಿದರೆ ಉಳಿಯುವುದು ಬರೀ ನಕ್ಷತ್ರ.

ನನ್ನದು 70 ಸೆಂ.ಮೀ. ಎತ್ತರ, 55 ಸೆಂ.ಮೀ. ಅಗಲದ ಗುರಾಣಿ. 3 ಮಿ.ಮೀ. ಪ್ಲೈವುಡ್‌ನ ಎರಡು ಹಾಳೆಗಳನ್ನು ಬಾಗಿಸಿ ಅಂಟಿಸಿ, ಮೇಲೆ ಲಿನನ್ ಬಟ್ಟೆ ಎಳೆದಿದ್ದೇನೆ. ಒಳಮೈಯಲ್ಲಿ ಕೈ ತೂರಿಸುವ ಪಟ್ಟಿಗಳ ಮೊಳೆಗೆ ತೂತು ಹೊಡೆಯುವುದು ಬಟ್ಟೆಗೂ ಮೊದಲೇ ಆಗಬೇಕು. ಆಮೇಲೆ ಹೊಡೆದರೆ ಗೆಸ್ಸೊ ಚಕ್ಕೆ ಏಳುತ್ತದೆ.

ಗೆಸ್ಸೊ ಎಂದರೆ ಮೈಸೂರು ಚಿತ್ರದ ಉಬ್ಬುಕೆಲಸ ನೆನಪಾಗುತ್ತದೆ. ಇಲ್ಲಿ ಅದು ಇಡೀ ಮೈಗೆ ಬಳಿಯುವ ತಳಪದರ. ಒಂದು ಲೀಟರ್ ನೀರಿಗೆ 70 ಗ್ರಾಂ ಚರ್ಮದ ಅಂಟು ನೆನೆಹಾಕಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಕೆನೆಯಷ್ಟು ಗಟ್ಟಿಯಾಗುವವರೆಗೆ ಸೀಮೆಸುಣ್ಣದ ಪುಡಿ ಬೆರೆಸಬೇಕು. ಕುದಿಸಿದರೆ ಅಂಟಿನ ಹಿಡಿತ ಹೋಗುತ್ತದೆ. ಕೆಳಗಿನ ಪದರಕ್ಕಿಂತ ಮೇಲಿನದರಲ್ಲಿ ಅಂಟು ಜಾಸ್ತಿಯಾದರೆ ಒಣಗುವಾಗ ಅದು ಎಳೆದು ಬಿರುಕು ಬಿಡುತ್ತದೆ.

ನಕ್ಷತ್ರಕ್ಕೆ 20 ಸೆಂ.ಮೀ. ತ್ರಿಜ್ಯದ ವೃತ್ತ. ಕೈವಾರವನ್ನು 23.5 ಸೆಂ.ಮೀ.ಗೆ ತೆರೆದು ಐದು ಸಲ ಹೆಜ್ಜೆ ಹಾಕಬೇಡಿ, ಒಂದೊಂದು ಮಿ.ಮೀ. ತಪ್ಪಿದರೂ ಕೊನೆಗೆ ಅರ್ಧ ಸೆಂ.ಮೀ. ವ್ಯತ್ಯಾಸ. ಕೇಂದ್ರದಿಂದ 72 ಡಿಗ್ರಿಯಂತೆ ಅಳೆಯುವುದೇ ಸರಿ. ಇದನ್ನು ಕಾಗದದ ಮೇಲೆ ಮಾಡಿ, ಕಾಗದವನ್ನು ಬಾಗಿದ ಮೈಗೆ ಒತ್ತಿ ಗೆರೆ ಇಳಿಸಿಕೊಳ್ಳಬೇಕು. ಗುರಾಣಿ ಕೆಳಗೆ ಕಿರಿದಾಗುವುದರಿಂದ ವೃತ್ತದ ಕೇಂದ್ರ ನಡುಮಧ್ಯಕ್ಕಿಂತ ಮೇಲಿರಲಿ.

ನಕ್ಷತ್ರದ ಒಂದೊಂದು ಗೆರೆ 38 ಸೆಂ.ಮೀ. ಉದ್ದ, ಎರಡೂ ತುದಿಯಿಂದ 14.5 ಸೆಂ.ಮೀ. ಒಳಗೆ ಇನ್ನೊಂದು ಗೆರೆಯನ್ನು ದಾಟುತ್ತದೆ. ಒಂದು ಕಡೆ ಮೇಲೆ ಹೋದರೆ ಇನ್ನೊಂದು ಕಡೆ ಕೆಳಗೆ. ಐದೂ ದಾಟುಗಳಲ್ಲಿ ಇದು ತಾನಾಗಿ ಹೊಂದುತ್ತದೆ. ಹೊಂದಲಿಲ್ಲವೆಂದರೆ ಎಲ್ಲೋ ಒಂದು ದಾಟು ತಿರುಗುಮುರುಗಾಗಿದೆ. ಕೆಳಗೆ ಹೋಗುವ ಚಿನ್ನದ ಗೆರೆಯನ್ನು ಎರಡೂ ಬದಿಯಲ್ಲಿ 2 ಮಿ.ಮೀ. ತುಂಡರಿಸಿದರೆ ಹೆಣಿಗೆ ದೂರದಿಂದಲೂ ಕಾಣುತ್ತದೆ.

ಚಿನ್ನದ ರೇಕು ಮೊದಲು, ಕೆಂಪು ಆಮೇಲೆ. ಮೊಟ್ಟೆಯ ಹಳದಿಯಲ್ಲಿ ಕಲೆಸಿದ ಬಣ್ಣ ಮೊದಲೇ ಇದ್ದರೆ ರೇಕು ಅದಕ್ಕೂ ಅಂಟಿ ಕೂರುತ್ತದೆ, ಬಿಡಿಸಲಾಗದು.

ಒಳಮೈಯ ಮೇರಿಯ ಚಿತ್ರ ಕೈಪಟ್ಟಿಗಳಿಗಿಂತ ಮೇಲಿರಬೇಕು. ಅವಳನ್ನು ನೋಡಿದಾಗೆಲ್ಲ ಗವೈನ್‌ನ ಧೈರ್ಯ ಕುಂದುತ್ತಿರಲಿಲ್ಲ ಎನ್ನುತ್ತದೆ ಕಾವ್ಯ. ಕೆಳಗೆ ಬರೆದರೆ ಮುಂಗೈಯೇ ಅವಳನ್ನು ಮುಚ್ಚಿಬಿಡುತ್ತದೆ.