‘ಮನಿ ಕೊಟ್ಟಾಗ್ಯದ್ರಿ’ ಅಂದವರ ಮನಸ್ಸಿನಲ್ಲಿ ಏನಿತ್ತು

2025ರ ಏಪ್ರಿಲ್‌ನಲ್ಲಿ ಕಲಬುರಗಿಯಲ್ಲಿ ಹದಿನೆಂಟು ದಿನ ಬಾಡಿಗೆ ಮನೆ ಹುಡುಕಿದೆ. ನೈಟ್ ಡ್ಯೂಟಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯಿಂದ ಹೊರಬಿದ್ದರೆ, ಹತ್ತೂವರೆಯೊಳಗೆ ಎರಡೋ ಮೂರೋ ಮನೆ ನೋಡಿ ಮುಗಿಸಬೇಕು. ಆಮೇಲೆ ಈ ಊರಿನ ಬಿಸಿಲಿಗೆ ಗೇಟಿನ ಕಬ್ಬಿಣ ಕೈ ಸುಡುತ್ತದೆ. ನಾನು ಸ್ಟಾಫ್ ನರ್ಸ್, ಮದುವೆಯಾಗಿಲ್ಲ, ಊರು ಶಹಾಪುರದ ಕಡೆ. ಜೊತೆಗೆ ಅವ್ವ ಇರುತ್ತಾಳೆ. ಎರಡು ಕೋಣೆ, ಒಂದು ಅಡುಗೆಮನೆ, ಏಳು ಸಾವಿರದೊಳಗೆ ಬಾಡಿಗೆ, ಅಪರಾತ್ರಿಯಲ್ಲೂ ಆಟೋ ಬರುವಂಥ ಓಣಿ. ನಾವು ಕೇಳಿದ್ದು ಇಷ್ಟೇ. ಜೇವರ್ಗಿ ರಸ್ತೆಯಿಂದ ಸೇಡಂ ರಸ್ತೆಯವರೆಗೆ ಏಳು ಮನೆಯವರು ಇಲ್ಲ ಅಂದರು.

ನಿಜವಾದ ಕಾರಣ ಹೆಚ್ಚಿನವರು ಹೇಳಲಿಲ್ಲ. “ನಿನ್ನೆನೇ ಒಬ್ರು ಅಡ್ವಾನ್ಸ್ ಕೊಟ್ಟು ಹೋಗ್ಯಾರ್ರಿ.” “ನಮ್ಮ ಅಳಿಯಗ ಟ್ರಾನ್ಸ್‌ಫರ್ ಆಗ್ಯದ, ಅವರೇ ಬರೋರಿದಾರ.” ವಾರ ಬಿಟ್ಟು ಅದೇ ಓಣಿಗೆ ಹೋದರೆ ಬೋರ್ಡು ಹಾಗೇ ತೂಗುತ್ತಿತ್ತು. ಮೊದಮೊದಲು ನನ್ನಲ್ಲೇ ಏನೋ ಕೊರತೆಯಿದೆ ಅಂದುಕೊಂಡು ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಮೂರನೆಯ ಮನೆಯ ಸೊಸೆ ಕಣ್ಣು ತೆರೆಸಿದಳು. ಓಣಿಯ ತಿರುವಿನ ಕಿರಾಣಿ ಅಂಗಡಿಯಲ್ಲಿ ಸಿಕ್ಕಾಗ ಮೆಲ್ಲಗೆ ಹೇಳಿದಳು: “ಅಕ್ಕಾ, ನೀವು ನೈಟ್ ಡ್ಯೂಟಿ ಅಂದ್ರಿ ನೋಡ್ರಿ, ಅಲ್ಲೇ ಕೆಟ್ಟಿತು. ಹಿಂದ ಇದ್ದ ಹುಡುಗ್ರು ರಾತ್ರಿ ಹನ್ನೆರಡಕ್ಕ ಗೇಟ್ ಬಡದು ಮಾವನೋರಿಗಿ ಎಬ್ಬಸ್ತಿದ್ರು. ಅವರಿಗಿ ಬಿಪಿ ಅದ.”

ಅಂದರೆ ಆ ಮಾಲೀಕರು ಬೇಡ ಅಂದದ್ದು ನನಗಲ್ಲ, ನನಗಿಂತ ಮುಂಚೆ ಇದ್ದು ಹೋದವರಿಗೆ. ಅವತ್ತಿನಿಂದ ಎಲ್ಲಿಗೆ ಹೋದರೂ ಬಾಡಿಗೆ ಎಷ್ಟು ಅಂತ ಕೇಳುವ ಮೊದಲು ಒಂದು ಮಾತು ಕೇಳತೊಡಗಿದೆ: “ಇದಕ್ಕಿಂತ ಮುಂಚೆ ಇದ್ದವರು ಯಾಕ ಬಿಟ್ಟರ್ರಿ?” ಇಷ್ಟು ಕೇಳಿದರೆ ಸಾಕು, ಮಾಲೀಕರು ನಿಂತಲ್ಲೇ ಕಥೆ ಬಿಚ್ಚುತ್ತಾರೆ. ನಾವು ಯಾವುದಕ್ಕೆ ಉತ್ತರ ಕೊಡಬೇಕು ಅನ್ನುವುದು ಆ ಕಥೆಯೊಳಗೇ ಇರುತ್ತದೆ.

ಐದನೆಯ ಮನೆಯಲ್ಲಿ ಅದು ಕೂಲರಿನ ಕಥೆ. ಮನೆಯಾಕೆ ನನ್ನನ್ನು ಕಿಟಕಿಯ ಹತ್ತಿರ ಕರೆದೊಯ್ದು ತೋರಿಸಿದರು. ಕಟ್ಟೆಯಿಂದ ಕೆಳಗೆ ಎರಡಡಿ ಬಣ್ಣ ಹೊಪ್ಪಳೆ ಎದ್ದಿತ್ತು. ಬೆರಳು ತಾಗಿಸಿದರೆ ಗಾರೆ ಪುಡಿಪುಡಿಯಾಗಿ ಉದುರುತ್ತಿತ್ತು. ನೀರು ಇಳಿದ ದಾರಿಯಲ್ಲಿ ಬೋರಿನ ಉಪ್ಪು ಬಿಳಿ ಗೆರೆ ಎಳೆದಿತ್ತು. ಕೆಳಗಿನ ಶಹಾಬಾದ ಫರಸಿಯ ಸಂದುಗಳಲ್ಲಿ ಪಾಚಿ. ಎರಡು ಬೇಸಿಗೆ ಯಾರೋ ಕೂಲರನ್ನು ಗೋಡೆಗೆ ಒತ್ತಿ ಇಟ್ಟಿದ್ದರ ಗುರುತು ಅದು. “ಕೂಲರ್ ಹಚ್ಚೋರಿಗಿ ಕೊಡಂಗಿಲ್ರಿ” ಅಂದರು. ಕಲಬುರಗಿಯ ಬೇಸಿಗೆಯಲ್ಲಿ ಕೂಲರಿಲ್ಲದೆ ಹಗಲು ಮಲಗುವುದು ಹೇಗೆ? ಆ ಮನೆ ನನಗೆ ಸಿಗಲಿಲ್ಲ. ಆದರೆ ಅವತ್ತೇ ನಮ್ಮ ಹಳೆಯ ಮನೆಗೆ ಬಂದು, ಕಿಟಕಿಯಿಂದ ಒಂದಡಿ ಹೊರಗೆ ಕಬ್ಬಿಣದ ಸ್ಟ್ಯಾಂಡ್ ಮೇಲೆ ನಿಂತ ಕೂಲರು, ಅದರ ಕೆಳಗಿಟ್ಟ ತಗಡಿನ ಟ್ರೇ, ಹಿಂದಿನ ಒಣ ಗೋಡೆ ಮೂರೂ ಕಾಣುವಂತೆ ಫೋಟೊ ತೆಗೆದಿಟ್ಟುಕೊಂಡೆ. ಬಾಯಿಮಾತಿಗಿಂತ ಆ ಒಂದು ಫೋಟೊ ಮುಂದೆ ಹೆಚ್ಚು ಕೆಲಸ ಮಾಡಿತು.

ಮನೆ ಸಿಗದಿದ್ದುದಕ್ಕೆ ನನ್ನ ತಪ್ಪೂ ಇತ್ತು. ಮೊದಲ ಮನೆಯಲ್ಲಿ ಒಳಗೆ ಕಾಲಿಡುವ ಮುಂಚೆಯೇ ಬಾಡಿಗೆ ಕಡಿಮೆ ಮಾಡಿ ಅಂದೆ. ಎರಡನೆಯದರಲ್ಲಿ “ಇಬ್ಬರೇ ಇರ್ತೀವಿ” ಅಂದೆ. ಮಾತಿನ ನಡುವೆ ಅವ್ವ, ಹೋಳಿಯಾಗಿ ಐದನೆಯ ದಿನದ ಶರಣಬಸವೇಶ್ವರ ಜಾತ್ರೆಗೆ ಊರಿಂದ ಹತ್ತು ಮಂದಿ ಬರುತ್ತಾರೆ ಅಂತ ಸಂತೋಷದಿಂದ ಹೇಳಿಬಿಟ್ಟಳು. ದಿನ ಬಿಟ್ಟು ದಿನ ನಳ ಬರುವ ಓಣಿಯಲ್ಲಿ ಮಾಲೀಕರು ತಲೆ ಎಣಿಸುವುದು ಟಾಕಿಯ ಲೆಕ್ಕಕ್ಕೆ. ಮೊದಲೇ ನಾನೇ ಹೇಳಿದ್ದರೆ ಅದು ಎರಡು ದಿನದ ನೆಂಟಸ್ತನ. ಆಮೇಲೆ ಗೊತ್ತಾದಾಗ ಅದು ಸುಳ್ಳಾಗಿ ಕಂಡಿತು.

ಯಾವ ಕಾಗದವೂ ಉಪಯೋಗಕ್ಕೆ ಬಾರದ ಕಡೆಯೂ ಇದೆ, ಅದನ್ನು ಮುಚ್ಚಿಡಲಾರೆ. ಏಳರಲ್ಲಿ ಎರಡು ಮನೆಯವರು “ನೀವು ಯಾವ ಮಂದಿ?” ಅಂತ ಕೇಳಿದರು. ಒಬ್ಬರಂತೂ ಉತ್ತರ ಕೇಳಿದ ಕೂಡಲೇ ಗೇಟಿನ ಚಿಲಕ ಹಾಕಿದರು. ಅವ್ವ ರಸ್ತೆಯುದ್ದಕ್ಕೂ ತಲೆಯೆತ್ತಲಿಲ್ಲ. ಮುಂದಿನ ಮನೆಯಲ್ಲಿ ಬೇರೆ ಏನಾದರೂ ಹೇಳೋಣ ಅಂದಳು. ನಾನು ಒಪ್ಪಲಿಲ್ಲ. ಸುಳ್ಳು ಹೇಳಿ ಸೇರಿದ ಮನೆಯಲ್ಲಿ ಪ್ರತಿದಿನ ಹೆದರಿ ಬದುಕಬೇಕು. ದಾಸೋಹಕ್ಕೆ ಹೆಸರಾದ ಗುಡಿ, ಎಲ್ಲ ಜಾತಿಯವರೂ ಹೋಗುವ ಬಂದೇ ನವಾಜರ ದರ್ಗಾ ಎರಡೂ ಇರುವ ಊರು ಇದು. ಇಲ್ಲಿ ಇದನ್ನು ಬರೆಯಬೇಕಾಗಿ ಬಂದದ್ದು ನೋವಿನ ಸಂಗತಿ. ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬರು ಒಂದು ಬಡಾವಣೆಯಲ್ಲಿ ವಾಸ ಮಾಡುವುದನ್ನು ತಡೆದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ. ಆ ಗೇಟಿನ ಮುಂದೆ ನಿಂತಾಗ ಇದು ನನಗೆ ಗೊತ್ತಿರಲಿಲ್ಲ.

ಎಂಟನೆಯ ಮನೆ ಕುಸನೂರ ರಸ್ತೆಯ ಕಡೆ, ನಿವೃತ್ತ ಮಾಸ್ತರರದು. ನನ್ನ ಪ್ರಶ್ನೆ ಕೇಳಿದ್ದೇ ತಡ, ಅವರು ಒಳಗಿನಿಂದ ಕರೆಂಟ್ ಬಿಲ್ಲುಗಳ ಕಟ್ಟು ತಂದರು. ಹಿಂದಿನವರು ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಗೆ ಆ ಮೀಟರನ್ನು ತಮ್ಮ ಆಧಾರ್‌ಗೆ ಜೋಡಿಸಿಕೊಂಡಿದ್ದರು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಹಾಗೆ ದಾಟಿದ ಬೇಸಿಗೆಯ ಬಿಲ್ಲನ್ನೂ ಕಟ್ಟದೆ, ಜೋಡಣೆಯನ್ನೂ ಬಿಡಿಸದೆ ಹೋಗಿದ್ದರು. “ಮತ್ತ ಈ ಹಣಿಬರಹ ಬ್ಯಾಡ ತಂಗಿ, ಮನಿ ಖಾಲಿನೇ ಇಡ್ತೀನಿ” ಅಂದರು ಮಾಸ್ತರು.

ನಾನು ಮೊಬೈಲ್ ತೆಗೆದು, ಹಳೆಯ ಮನೆಯ ಮೀಟರಿನ ಕೊನೆಯ ಬಿಲ್ಲು ಕಟ್ಟಿದ ರಸೀದಿಯನ್ನೂ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಡಿ-ಲಿಂಕ್ ಮಾಡಿದ್ದನ್ನೂ, ಅಂದರೆ ಆಧಾರ್ ಜೋಡಣೆ ಬಿಡಿಸಿದ್ದನ್ನೂ, ತೋರಿಸಿದೆ. ಆಮೇಲೆ ಹಿಂದಿನವರ ನಂಬರ್ ಇಸಿದುಕೊಂಡು ನಾನೇ ಫೋನ್ ಹಚ್ಚಿದೆ. ಮೂರು ದಿನ ಹಿಡಿಯಿತು, ಆದರೆ ಅವರ ಕೈಯಿಂದಲೇ ಜೋಡಣೆ ಬಿಡಿಸಿದೆ. ಮಾಸ್ತರರಿಗೆ ನನ್ನ ಮೇಲೆ ನಂಬಿಕೆ ಬಂದದ್ದು ಆ ಮೂರು ದಿನಗಳಲ್ಲಿ ಅಂತಲೇ ನನ್ನ ಅನಿಸಿಕೆ.

ಕೈಯಲ್ಲಿ ಒಂದು ಫೈಲೂ ಇತ್ತು. ಆಸ್ಪತ್ರೆಯ ಗುರುತಿನ ಚೀಟಿ, ಮೂರು ತಿಂಗಳ ಪಗಾರ ಚೀಟಿ, ಪ್ರತಿ ತಿಂಗಳು ಐದರೊಳಗೆ ಬಾಡಿಗೆ ಹೋದದ್ದು ಕಾಣುವ ಬ್ಯಾಂಕ್ ಸ್ಟೇಟ್‌ಮೆಂಟ್, ಹಳೆಯ ಮಾಲೀಕರನ್ನು ಕೇಳಿಯೇ ಬರೆದುಕೊಂಡ ಅವರ ನಂಬರ್, ಆ ತಿಂಗಳ ಡ್ಯೂಟಿ ಪಟ್ಟಿ. ಆಧಾರ್ ಪ್ರತಿ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಅದೂ ಮಾತು ಪಕ್ಕಾ ಆದ ಮೇಲೆ. ಗೇಟಿನಲ್ಲಿ ನಿಂತವರಿಗೆಲ್ಲ ಹಂಚಬೇಡಿ. ರಾತ್ರಿಯ ವಿಷಯ ಅವರು ಕೇಳುವ ಮೊದಲೇ ನಾನು ಹೇಳಿದೆ: ಗೇಟಿನ ಇನ್ನೊಂದು ಕೀಲಿ ನನಗೆ ಕೊಡಿ, ಆಟೋ ಓಣಿಯ ತುದಿಯಲ್ಲೇ ಬಿಡಿಸಿಕೊಂಡು ನಡೆದು ಬರುತ್ತೇನೆ, ಯಾರೂ ಏಳಬೇಕಾಗಿಲ್ಲ. ಮಾಸ್ತರರ ಹೆಂಡತಿ ಆಗ ನಕ್ಕರು. “ಒಬ್ಬಾಕಿ ಹಂಗ ಕತ್ತಲದಾಗ ನಡಕೋತ ಬರಬ್ಯಾಡವ್ವಾ, ಬಾಗಲ ತನಕಾನೇ ಬಾ” ಅಂದರು.

ಪಗಾರದವರು ಇನ್ನೊಂದು ಗಮನಿಸಬೇಕು. ಬ್ಯಾಂಕಿನಲ್ಲಿರುವ ನನ್ನ ಗೆಳತಿಗೆ ಎಲ್ಲ ಮಾತು ಮುಗಿದ ಮೇಲೆ ಮನೆ ತಪ್ಪಿತು, ಕಾರಣ ಪ್ಯಾನ್. ವರ್ಷಕ್ಕೆ ಒಂದು ಲಕ್ಷ ರೂಪಾಯಿಗಿಂತ ಹೆಚ್ಚು ಬಾಡಿಗೆಗೆ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ತೆರಿಗೆ ವಿನಾಯಿತಿ ಬೇಕಾದರೆ ಮಾಲೀಕರ ಪ್ಯಾನ್ ಕೊಡಬೇಕು. ಅವಳು ಅದನ್ನು ಕೊನೆಯಲ್ಲಿ ಕೇಳಿದಳು, ಮಾಲೀಕರು ಅಲ್ಲಿಗೇ ಹಿಂಜರಿದರು. ನನ್ನದು 7,000, ವರ್ಷಕ್ಕೆ 84,000, ಆ ತೊಡಕು ಬರಲಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಆ ವಿನಾಯಿತಿಯೇ ಇಲ್ಲ. ನಿಮಗೆ ನಿಜವಾಗಿ ಬೇಕೋ ನೋಡಿಕೊಂಡು, ಬೇಕಿದ್ದರೆ ಮೊದಲ ದಿನವೇ ಕೇಳಿ.

ಅಡ್ವಾನ್ಸ್ 30,000 ಅಂದಿದ್ದರು. ಎಲ್ಲ ಒಪ್ಪಿಗೆಯಾದ ಮೇಲೆ, ಒಳಗೆ ಕೂತು ಚಹಾ ಕುಡಿಯುವಾಗ ಕೇಳಿದ್ದಕ್ಕೆ 21,000ಕ್ಕೆ ಬಂದರು. ಕರಾರು ಹನ್ನೊಂದು ತಿಂಗಳಿಗೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕು, ಹಾಗಾಗಿ ಎಲ್ಲರೂ ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಎರಡೂ ಕಡೆಗೆ ಒಂದು ತಿಂಗಳ ನೋಟಿಸ್, ಬಿಡುವಾಗ ಮೀಟರ್ ಡಿ-ಲಿಂಕ್, ಗೋಡೆಯಿಂದ ದೂರ ಕೂಲರು, ಜಾತ್ರೆಗೆ ಬರುವ ನೆಂಟರು. ಎಲ್ಲವನ್ನೂ ಬರೆಸಿದೆ. ನೆಂಟರ ಸಾಲು ಓದಿ ಮಾಸ್ತರು “ಇದನ್ನೂ ಬರಸ್ತೀಯೇನವ್ವಾ” ಅಂದು ಸಹಿ ಹಾಕಿದರು.

ಸಾಮಾನು ಇಳಿಸುವ ಮೊದಲು ಖಾಲಿ ಮನೆಯ ಇಪ್ಪತ್ತೊಂದು ಫೋಟೊ ತೆಗೆದೆ. ಒಡೆದ ಒಂದು ಸ್ವಿಚ್ಚು, ಬಚ್ಚಲಿನ ಸೋರುವ ನಳ, ಅಡುಗೆಕಟ್ಟೆಯ ಕಲ್ಲಿನ ಬಿರುಕು, ಮೀಟರಿನ ರೀಡಿಂಗ್. ಎಲ್ಲವನ್ನೂ ಮಾಸ್ತರರ ವಾಟ್ಸ್ಆ್ಯಪಿಗೆ ಕಳಿಸಿದೆ. ಸಂಜೆಯೇ ಅವರು ಪ್ಲಂಬರನ್ನು ಕರೆದುಕೊಂಡು ಬಂದರು.